ಒಂದು ಅಂಕದ ಪ್ರಶ್ನೆ

ನರ್ಸಿಂಗ್ ಕಾಲೇಜಿನ ಮಕ್ಕಳು ತಮ್ಮ ಟೀಚರಿಗೆ ಗುಡುಗಮ್ಮ ಎಂದು ಹೆಸರಿಟ್ಟಿದ್ದರು. ಅದು ಆಕೆಗೂ ಗೊತ್ತಿತ್ತು, ಬೇಸರವೇನೂ ಇರಲಿಲ್ಲ. ಇಷ್ಟು ಗುಡುಗಿದರೂ ಇವುಗಳ ತಲೆಗೆ ಹೋಗುವುದಿಲ್ಲವಲ್ಲ ಎಂಬುದೇ ಸಂಕಟ. ಸೂಜಿ ಚುಚ್ಚುವುದು, ಗಾಯ ಕಟ್ಟುವುದು, ಹೆರಿಗೆ ಮಾಡಿಸುವುದು ಎಲ್ಲವನ್ನೂ ಚಕಚಕನೆ ಕಲಿಯುವ ಮಕ್ಕಳು ಗರ್ಭಪಾತದ ಪಾಠ ಬಂತೆಂದರೆ ಸಾಕು, ತಲೆ ತಗ್ಗಿಸಿ ಡೆಸ್ಕು ನೋಡುತ್ತ ಕೂತುಬಿಡುತ್ತಿದ್ದವು. ಪ್ರಿನ್ಸಿಪಾಲರೋ ಪ್ರತಿ ವರ್ಷ, "ಅದನ್ನ ಅವರೇ ಓದ್ಕೊಳ್ಳಲಿ ಬಿಡಿ ಮೇಡಂ, ಪರೀಕ್ಷೇಲಿ ಅಷ್ಟೇನೂ ಬರಲ್ಲ" ಎನ್ನುತ್ತಿದ್ದರು. ಪರೀಕ್ಷೆಯಲ್ಲಿ ಬರುವುದಿಲ್ಲವಂತೆ. ಆಸ್ಪತ್ರೆಗೆ ಬರುತ್ತಾರಲ್ಲ ಹೆಂಗಸರು, ಅವರನ್ನೇನು ಮಾಡುವುದು?

ಈ ವರ್ಷ ಗುಡುಗಮ್ಮ ಹಟ ಹಿಡಿದು ಪಾಠ ಮಾಡಿದರು. "ಎರಡು ಮಕ್ಕಳ ತಾಯಿ, ಈ ಬಸುರು ಬೇಡ ಅಂತ ಬಂದ್ರೆ ಯಾರ ಒಪ್ಪಿಗೆ ಬೇಕು?" ಒಬ್ಬಳು ಗಂಡನದು ಎಂದಳು. ಹಿಂದಿನ ಬೆಂಚಿನ ಹುಡುಗ ಅತ್ತೆಯದು ಎಂದ. ಅವನ ಪಕ್ಕದವನು ಪೊಲೀಸರದು ಎಂದ.

"ಬೀದಿಯೋರನ್ನೆಲ್ಲ ಕರೀರಿ, ಶಾಮಿಯಾನ ಹಾಕಿಸ್ತೀನಿ. ಅವಳೊಬ್ಬಳ ಒಪ್ಪಿಗೆ ಸಾಕು ಕಣ್ರೋ. ಕಾನೂನೇ ಹಾಗಿದೆ."

ಎಲ್ಲರೂ ನಕ್ಕು ಬರೆದುಕೊಂಡರು. ಸದ್ಯ, ಇಷ್ಟಾದರೂ ಹೋಯಿತಲ್ಲ ತಲೆಗೆ ಎಂದು ಆಕೆ ನಿಟ್ಟುಸಿರು ಬಿಟ್ಟರು.

ಮುಂದಿನ ವಾರ ಆಸ್ಪತ್ರೆಯಲ್ಲಿ, ತರಗತಿಗೇ ಮೊದಲಿಗಳಾದ ಹುಡುಗಿ ಬಂದು, "ಮೇಡಂ, ಒಬ್ಬರು ತೆಗೆಸ್ಕೊಳ್ಳೋಕೆ ಬಂದಿದ್ರು. ಬಟ್ಟೆ ಫ್ಯಾಕ್ಟರೀಲಿ ಹೊಲಿಯೋರು. ಗಂಡನ್ನ ಕರ್ಕೊಂಡು ಬನ್ನಿ ಅಂತ ಕಳಿಸಿದೆ" ಎಂದಳು. ದೊಡ್ಡ ಕೆಲಸ ಮಾಡಿ ಮುಗಿಸಿದ ಹಾಗಿತ್ತು ಮುಖ.

ಗುಡುಗಮ್ಮನ ಮೈ ಉರಿದುಹೋಯಿತು. "ಮೊನ್ನೆ ತಾನೇ ಬರ್ಕೊಂಡೆಯಲ್ಲೇ?"

"ಬರ್ಕೊಂಡಿದ್ದೆ ಮೇಡಂ. ಆದ್ರೆ ಅದು ಪಾಠ. ಇವರು ನಿಜವಾದ ಪೇಷಂಟು…"

ಆಕೆ ಹಣೆ ಚಚ್ಚಿಕೊಂಡರು. ಬಿಡಿಸಿ ಕೇಳಿದಾಗ ವಿಷಯ ಹೊರಬಿತ್ತು. ಕಾಲೇಜಿನ ಅಭ್ಯಾಸದ ಕೋಣೆಯಲ್ಲಿ ಯಾವ ಚಿಕಿತ್ಸೆಗೇ ಆಗಲಿ, ಮೊದಲು ಕೇಳಬೇಕಾದದ್ದು "ಜೊತೆಗೆ ಯಾರು ಬಂದಿದ್ದಾರೆ?" ಅದಕ್ಕೊಂದು ಅಂಕ. ಪೇಷಂಟ್ ಹೆಂಗಸಿನ ಪಾತ್ರ ಮಾಡುವವಳ ಪಕ್ಕದ ಸ್ಟೂಲಿನಲ್ಲಿ ಗಂಡನೆಂದು ಸಹಪಾಠಿಯೊಬ್ಬ ಯಾವಾಗಲೂ ಕೂತಿರುತ್ತಿದ್ದ. ಮೂರು ವರ್ಷ ಇದೇ ಆಟ. ಈ ಹೆಂಗಸಿನ ಪಕ್ಕದ ಸ್ಟೂಲು ಖಾಲಿ ಇತ್ತು. ಅಷ್ಟಕ್ಕೇ ಹುಡುಗಿ ಕಂಗಾಲಾಗಿದ್ದಳು.

"ಏನಂದಳು ಆ ಯಮ್ಮ?"

"ಮೆಡಿಕಲ್ ಶಾಪಲ್ಲಿ ಏನೋ ಮಾತ್ರೆ ಕೊಡ್ತಾರಂತೆ, ಅದನ್ನೇ ತಗೋತೀನಿ ಅಂತ ಈಗ ಬಸ್ ಸ್ಟಾಪ್ ಕಡೆ ಹೋದ್ರು."

ಹಾಗೆ ಯಾವುದೋ ಮಾತ್ರೆ ನುಂಗಿದವಳೊಬ್ಬಳನ್ನು ಹೋದ ತಿಂಗಳಷ್ಟೇ ರಕ್ತದ ಮಡುವಿನಲ್ಲಿ ಹೊತ್ತು ತಂದಿದ್ದರು. ಉಳಿಯಲಿಲ್ಲ. ಗುಡುಗಮ್ಮ ಹುಡುಗಿಯ ರಟ್ಟೆ ಹಿಡಿದು ಬಸ್ ಸ್ಟಾಪಿನ ಕಡೆ ಓಡಿದರು. ದಾರಿಯುದ್ದಕ್ಕೂ ಬೈಗುಳ. ಹುಡುಗಿ ಅಳುತ್ತಲೇ ಓಡಿದಳು.

ಹೊಲಿಗೆಯವಳು ಬಸ್ಸಿನ ಮೆಟ್ಟಿಲಿಗೆ ಕಾಲಿಟ್ಟಿದ್ದಳು.

"ಅಕ್ಕಾ, ನಾನು ತಪ್ಪು ಹೇಳಿದೆ" ಎಂದಳು ಹುಡುಗಿ ಏದುಸಿರು ಬಿಡುತ್ತ. "ನಿಮ್ಮ ಗಂಡ ಬರೋದೇನೂ ಬೇಡ. ಬನ್ನಿ."

ಅವಳು ತಿರುಗಿ ನೋಡಿದಳು. "ಇಲ್ಲಿಗೆ ಬರೋಕೆ ಎಷ್ಟು ಧೈರ್ಯ ಕೂಡಿಸ್ಕೊಂಡಿದ್ದೆ ಗೊತ್ತೇನಮ್ಮ? ಅದೆಲ್ಲ ನಿನ್ನ ಮೇಜಿನ ಹತ್ರಾನೇ ಖರ್ಚಾಗೋಯ್ತು."

ಕಂಡಕ್ಟರ್ ಹತ್ತುತ್ತೀರೋ ಇಳಿಯುತ್ತೀರೋ ಎಂದು ರೇಗಿದ. ಗುಡುಗಮ್ಮ ಬಸ್ಸಿನ ಬಾಗಿಲ ಕಂಬಿ ಹಿಡಿದು ನಿಂತರು. ಹೊಲಿಗೆಯವಳು ಕಾಲು ಕೆಳಗಿಟ್ಟಳು.

ಡಾಕ್ಟರಮ್ಮ ಕೆಲಸ ಮುಗಿಸುವವರೆಗೂ ಹುಡುಗಿ ಹೊಲಿಗೆಯವಳ ಕೈ ಹಿಡಿದೇ ನಿಂತಿದ್ದಳು. ಆಮೇಲೆ ಹೊರಗೆ ಬಂದು, "ಮೇಡಂ, ಸುಳ್ಳು ಯಾಕೆ ಹೇಳ್ಲಿ, ನನ್ನ ಮನಸ್ಸಿಗೆ ಇದು ಇನ್ನೂ ತಪ್ಪು ಅಂತಾನೇ ಅನ್ಸುತ್ತೆ" ಎಂದಳು.

"ಅನ್ನಿಸ್ಲಿ, ಬೇಡ ಅಂದೋರ್ಯಾರು? ನಿನ್ನ ಮನೇಲಿ ಕೂತು ಅನ್ನಿಸ್ಕೋ. ಇಲ್ಲಿಗೆ ಬಂದೋಳನ್ನ ವಾಪಸ್ ಕಳಿಸಬೇಡ."

ಸಂಜೆ ಹೊಲಿಗೆಯವಳು ಹೊರಟಾಗ ಹುಡುಗಿ ಮತ್ತೆ ಕ್ಷಮೆ ಕೇಳಲು ಬಾಯಿ ತೆರೆದಳು. ಅವಳು ಸೆರಗು ಸರಿಮಾಡಿಕೊಳ್ಳುತ್ತ ಹೇಳಿದಳು: "ಇವತ್ತು ಬಸ್ ತಡವಾಗಿ ಬಂತಮ್ಮ, ಅದಕ್ಕೆ ನಾನು ನಿಮ್ಮ ಕೈಗೆ ಸಿಕ್ಕಿದೆ."