ಎಳ್ಳು ಸಿಕ್ಕ ಚೀಲ

ಹೋದ ತಿಂಗಳು ಶಿರಾದಿಂದ ಮಧುಗಿರಿಗೆ ಬರುತ್ತಿದ್ದೆ. ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಕಾಲ ಬಳಿ ಇಟ್ಟುಕೊಂಡಿದ್ದ ಸಾಮಾನಿನಿಂದ ಸಾಂಬ್ರಾಣಿ, ಹುರಿಗಡಲೆ, ಬಟ್ಟೆ ಸೋಪು ಮೂರರ ವಾಸನೆಯೂ ಒಟ್ಟಿಗೆ ಬಂತು. ಬೇರೆ ಬೇರೆಯಾಗಿ ಇವು ಎಲ್ಲಿ ಬೇಕಾದರೂ ಸಿಗುವ ವಾಸನೆಗಳು. ಮೂರೂ ಬೆರೆತು ನನ್ನ ಮೂಗಿಗೆ ದಿನಾ ಬೀಳುತ್ತಿದ್ದದ್ದು ಒಂದೇ ಅಂಗಡಿಯಲ್ಲಿ. ಆ ಅಂಗಡಿ ಈಗಿಲ್ಲ. ಅದನ್ನು ನಡೆಸುತ್ತಿದ್ದವರೂ ಇಲ್ಲ... ಬಸ್ಸು ಊರು ಮುಟ್ಟುವವರೆಗೂ ಅವರದೇ ಯೋಚನೆ.

ಹತ್ತು ಹನ್ನೆರಡು ವರ್ಷದ ಹಿಂದೆ ನಾನು ಮಧುಗಿರಿಯಲ್ಲಿ ಒಂದು ಜಿಲ್ಲಾ ಪತ್ರಿಕೆಯ ತಾಲ್ಲೂಕು ವರದಿಗಾರನಾಗಿದ್ದೆ. ಕೋಟೆ ಕಡೆಯ ಒಂದು ಬೀದಿಯಲ್ಲಿ ಮಹಡಿ ಮೇಲಿನ ಬಾಡಿಗೆ ಕೋಣೆ. ಕಿಟಕಿ ತೆಗೆದರೆ ಎದುರಿಗೆ ಅವರ ಅಂಗಡಿ. ಬೀದಿಗೆಲ್ಲ ಅವರು ಅಂಗಡಮ್ಮ. ಪಾವಗಡದ ಕಡೆಯವರು. ಗಂಡ ತೀರಿಕೊಂಡ ಮೇಲೆ ಈ ಊರಿಗೆ ಬಂದು ಅಂಗಡಿ ಇಟ್ಟಿದ್ದರು. ಮಾತೆಲ್ಲ ಕನ್ನಡವೇ. ಗಾಬರಿಯಾದಾಗ ಮತ್ತು ನಗು ಬಂದಾಗ ಮಾತ್ರ ತೆಲುಗು. ನನ್ನನ್ನು ‘ಪೇಪರ್ ನಾಯನಾ’ ಎಂದು ಕರೆಯುತ್ತಿದ್ದರು.

ಅವರ ಕೈಗುಣ ಒಳ್ಳೆಯದು ಎಂದು ಬೀದಿಯಲ್ಲಿ ಮಾತಿತ್ತು. ಮನೆಯಲ್ಲಿ ಏನೇ ಶುಭಕಾರ್ಯ ಇದ್ದರೂ ಮೊದಲ ಅರಿಶಿನ ಕುಂಕುಮ ಅವರ ಅಂಗಡಿಯಿಂದಲೇ ಹೋಗಬೇಕು, ಅದೂ ಅವರೇ ಕಟ್ಟಿ ಕೊಡಬೇಕು. ಅವರು ಹಣೆಗೆ ಕುಂಕುಮ ಇಡುತ್ತಿರಲಿಲ್ಲ. ಬೀದಿಯ ಕುಂಕುಮವೆಲ್ಲ ಅವರ ಕೈಯಿಂದ ಹೋಗುತ್ತಿತ್ತು. ಇದು ಹೇಗೆ ಎಂದು ನಾನು ಕೇಳಲಿಲ್ಲ. ಬೀದಿಯೂ ಕೇಳಿಕೊಂಡಂತೆ ಕಾಣಲಿಲ್ಲ.

ಅಂಗಡಿಯ ಪಕ್ಕದ ಮನೆಯಲ್ಲಿ ಎರಡು ಹಸು ಕಟ್ಟಿಕೊಂಡು ಹಾಲು ಮಾರುತ್ತಿದ್ದ ಹೆಂಗಸೊಬ್ಬರಿದ್ದರು. ಅವರು ಎಲ್ಲರಿಗೂ ಹಾಲಿನಕ್ಕ. ಅಕ್ಕನ ಒಬ್ಬಳೇ ಮಗಳು ಆ ಅಂಗಡಿಯ ಹಲಗೆಯ ಮೇಲೇ ಕೂತು ಓದಿ ಬೆಳೆದವಳು. ನಾನು ಅಲ್ಲಿಗೆ ಹೋಗುವ ಹೊತ್ತಿಗೆ ಕಾಲೇಜು ಸೇರಿದ್ದಳು. ಆದರೂ ಬಸ್ಸಿಳಿದವಳು ಮೊದಲು ಅಂಗಡಿಗೇ ಬಂದು, ಡಬ್ಬದಿಂದ ಒಂದು ಹಿಡಿ ಕಡಲೆ ತೆಗೆದು ಬಾಯಿಗೆ ಹಾಕಿಕೊಂಡು, ಆಮೇಲೆ ಮನೆಗೆ ಹೋಗುತ್ತಿದ್ದಳು. “ಇವಳ್ ಮದ್ವೆ ಸಾಮಾನೆಲ್ಲ ನಾನೇ ಕಟ್ಟೋದು, ಯಾರೂ ಕೈ ಹಾಕ್ಬ್ಯಾಡಿ” ಎಂದು ಅಂಗಡಮ್ಮ ಎಲ್ಲರ ಮುಂದೆ ಹೇಳುತ್ತಿದ್ದರು.

ಒಂದು ಮಳೆಗಾಲ ಚರಂಡಿ ಕಟ್ಟಿಕೊಂಡು ನೀರು ಅಂಗಡಿಗೆ ನುಗ್ಗಿತು. ಸಕ್ಕರೆ ಮೂಟೆ ಕರಗಿತು, ಅವಲಕ್ಕಿ ಊದಿಕೊಂಡಿತು. ಬೆಳಿಗ್ಗೆ ಪುರಸಭೆಯವರು ಬಂದು ಚರಂಡಿಗೆ ಕೊಕ್ಕೆ ಹಾಕಿ ಎಳೆದರು. ಬಂದದ್ದು ಪ್ಲಾಸ್ಟಿಕ್ ಕವರ್‌ಗಳ ಗುಪ್ಪೆ. ಅದರಲ್ಲಿ ಮುಕ್ಕಾಲುಪಾಲು ಗುಲಾಬಿ ಗೆರೆಯವು. ಗುಲಾಬಿ ಗೆರೆಯ ಕವರ್ ಇಡೀ ಬೀದಿಯಲ್ಲಿ ಅಂಗಡಮ್ಮನದು ಮಾತ್ರ. ಅವರು ಸೀರೆಯನ್ನು ಮೊಣಕಾಲಿಗೆ ಎತ್ತಿಕೊಂಡು ಆ ಕೆಸರಿನಲ್ಲೇ ನಿಂತಿದ್ದರು.

“ದೇವುಡಾ... ಎಲ್ಲ ನನ್ ಕವರ್ರೇ ಕಣಪ್ಪ. ನಾನೇ ಕೊಟ್ಟು ನಾನೇ ಮುಳುಗ್ಸಿಕೊಂಡ್ನಲ್ಲ!”

ಮಾರನೆಯ ದಿನದಿಂದ ಅವರು ಕವರ್ ಕೊಡುವುದನ್ನು ನಿಲ್ಲಿಸಿದರು. ಯಾವ ಅಧಿಕಾರಿಯೂ ಹೇಳಿರಲಿಲ್ಲ, ದಂಡದ ಭಯ ಇರಲಿಲ್ಲ. ಆದರೆ ಜನ ಕೆಲಸ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ಸಾಮಾನು ಕೊಳ್ಳುವವರು. ಅವರ ಕೈಯಲ್ಲಿ ಚೀಲ ಎಲ್ಲಿಂದ ಬರಬೇಕು? ಒಬ್ಬ ಗಾರೆ ಕೆಲಸದವನು ತೊಗರಿಬೇಳೆಯನ್ನು ಟವಲ್ಲಿಗೆ ಕಟ್ಟಿಸಿಕೊಳ್ಳುತ್ತ, “ನಾಳೆಯಿಂದ ಎಣ್ಣೇನೂ ಟವಲ್‌ಗೇ ಉಯ್ದುಬುಡಿ ಅಂಗಡಮ್ಮ” ಅಂದ. ಅವರು ನಕ್ಕರು. ಆ ವಾರವೇ ಹಳೆಯ ಹೊಲಿಗೆ ಮೆಷಿನ್ ತೆಗೆದು ಮೈದಾ ಚೀಲದ ಬಟ್ಟೆ, ಹಳೆಯ ಪಂಚೆ, ಸೀರೆ ಎಲ್ಲ ಕತ್ತರಿಸಿ ಕೈಚೀಲ ಹೊಲಿದರು. ಸಾಮಾನು ತುಂಬಿಕೊಂಡು ಹೋಗಿ, ಮತ್ತೆ ಬರುವಾಗ ಚೀಲ ತಂದು ಕೊಡಿ. ಇಷ್ಟೇ ಏರ್ಪಾಡು.

ಅದು ನಡೆಯಿತು. ಎರಡು ಮೂರು ತಿಂಗಳು ಚೆನ್ನಾಗಿಯೇ ನಡೆಯಿತು. ನಾನು ಫೋಟೊ ಸಮೇತ ಸುದ್ದಿ ಮಾಡಿದೆ. ಸುದ್ದಿ ಬಂದ ಮೇಲೆ ತಾಲ್ಲೂಕು ಮಟ್ಟದ ಸಭೆಯೊಂದಕ್ಕೆ ಅಂಗಡಮ್ಮನನ್ನು ಕರೆದು ಸನ್ಮಾನ ಮಾಡಿದರು. ಸುಸ್ಥಿರ ಅಭಿವೃದ್ಧಿಯ ಮೇಲೆ ಭಾಷಣ ಮಾಡಿದವರು, ಜನರ ಮನೋಭಾವ ಬದಲಾಗಬೇಕು ಎಂದರು. ಆ ವಾಕ್ಯವನ್ನು ನಾನು ಅದಕ್ಕೂ ಮುಂಚೆ ಎಷ್ಟೋ ಸಲ ಬರೆದಿದ್ದೆ, ಅವತ್ತೂ ಬರೆದೆ. ಶಾಲು, ಹಾರ, ಹಣ್ಣಿನ ಬುಟ್ಟಿ ಕೊಟ್ಟರು. ಬುಟ್ಟಿಗೆ ಸುತ್ತಲೂ ಪ್ಲಾಸ್ಟಿಕ್ ಹಾಳೆ ಸುತ್ತಿತ್ತು. ವಾಪಸ್ ಬರುವಾಗ ಅಂಗಡಮ್ಮ ಅದನ್ನು ಮಡಿಲಲ್ಲಿಟ್ಟುಕೊಂಡು ಆಟೋದಲ್ಲಿ ಕಣ್ಣೀರು ಬರುವಷ್ಟು ನಕ್ಕರು, ತೆಲುಗಿನಲ್ಲಿ ಏನೇನೋ ಅಂದುಕೊಂಡರು.

ಹಾಲಿನಕ್ಕನ ಮಗಳಿಗೆ ಕೊರಟಗೆರೆ ಕಡೆಯ ಸಂಬಂಧ ಬಂದದ್ದು ಅದೇ ದಿನಗಳಲ್ಲಿ. ಹೂ ಮುಡಿಸುವ ಶಾಸ್ತ್ರಕ್ಕೆ ಅರಿಶಿನ, ಕುಂಕುಮ, ಅಡಿಕೆ, ಕಲ್ಲುಸಕ್ಕರೆ ಎಲ್ಲವನ್ನೂ ಅಂಗಡಮ್ಮನೇ ಪೊಟ್ಟಣ ಕಟ್ಟಿ ಒಂದು ಚೀಲಕ್ಕೆ ತುಂಬಿ ಕೊಟ್ಟರು. ಮುಂದಿನದಕ್ಕೆ ನಾನು ಸಾಕ್ಷಿಯಲ್ಲ, ಕೇಳಿದ್ದನ್ನು ಬರೆಯುತ್ತಿದ್ದೇನೆ. ಗಂಡಿನ ಕಡೆಯವರ ಮುಂದೆ ಚೀಲವನ್ನು ತಟ್ಟೆಗೆ ಸುರಿದಾಗ ಪೊಟ್ಟಣಗಳ ಜೊತೆ ಚೀಲದ ಮೂಲೆ ಹೊಲಿಗೆಯಲ್ಲಿ ಸಿಕ್ಕಿಕೊಂಡಿದ್ದ ನಾಲ್ಕಾರು ಕರಿ ಎಳ್ಳೂ ತಟ್ಟೆಗೆ ಬಿದ್ದವು. ಹಿಂದಿನ ವಾರ ಅದೇ ಚೀಲ ಯಾರದೋ ಮನೆಗೆ ತಿಥಿ ಸಾಮಾನು ಹೊತ್ತಿತ್ತು. ಗಂಡಿನ ಸೋದರತ್ತೆ ಬಗ್ಗಿ ನೋಡಿದರಂತೆ. ಶಾಸ್ತ್ರ ಮುಗಿಯಿತು. ಹದಿನೈದು ದಿನಕ್ಕೆ ಆ ಕಡೆಯಿಂದ ಬೇಡವೆಂದು ಮಾತು ಬಂತು. ಜಾತಕದ ಕಾರಣ ಹೇಳಿದ್ದರು. ನಿಜವಾದ ಕಾರಣವೇ ಅದಾಗಿತ್ತೋ ಏನೋ... ಇವತ್ತಿಗೂ ನನಗೆ ಗೊತ್ತಿಲ್ಲ.

ಹಾಲಿನಕ್ಕ ಅಂಗಡಿ ಮುಂದೆ ಬಂದು ನಿಂತದ್ದನ್ನು ಮಾತ್ರ ನಾನು ಕಿಟಕಿಯಿಂದ ನೋಡಿದೆ. ಕೇಳಿಸಿಕೊಂಡೆ.

“ನನ್ ಮಗಳ ತಟ್ಟೆಗೆ ತಿಥಿ ಎಳ್ಳು ಹಾಕ್ಬುಟ್ರಲ್ಲ, ನಿಮ್ಗೆ ಹೆಂಗ್ ಮನ್ಸು ಬಂತು?”

“ನಾನ್ ಬೇಕಂತ ಹಾಕಿದ್ನಾ ಅಕ್ಕಯ್ಯ? ಸಂಕ್ರಾಂತಿಗೆ ಎಲ್ರೂ ಎಳ್ಳು ಬೀರಲ್ವಾ?”

“ಅದು ಬಿಳೀದು ಕಣಮ್ಮ! ಇದು ಕರೀದು!”

“ಆಯ್ತು. ಮುಂಚೆ ಕವರ್‌ನಾಗೆ ಕಟ್ಟಿಕೊಡೋವಾಗ್ಲೂ ಇದೇ ಅಂಗಡಿ, ಇದೇ ಎಳ್ಳು ತಾನೆ?”

“ಕವರ್ ಬಿಸಾಕ್ತೀವಿ ಕಣಮ್ಮ. ಅದ್ರ ಜೊತ್ಗೆ ಅದೂ ಹೊಂಟೋಯ್ತದೆ. ಈ ನಿಮ್ ಚೀಲ ಹೋಗಕಿಲ್ಲ. ಸಾವಿನ ಮನೆಗ್ ಹೋಗಿ, ಸುತ್ಕೊಂಡು ಸುತ್ಕೊಂಡು ನಮ್ಮನೆಗೇ ಬತ್ತದೆ.”

ಆ ಮಾತನ್ನು ನಾನು ಬಹಳ ಸಲ ಯೋಚಿಸಿದ್ದೇನೆ. ನಾವೆಲ್ಲ ಬಿಸಾಡುವುದನ್ನು ಸೋಮಾರಿತನ ಎಂದುಕೊಂಡಿದ್ದೆವು. ಹಾಲಿನಕ್ಕನಿಗೆ ಬಿಸಾಡುವುದೇ ಮಡಿ. ಅವರ ಮಾತಿನಲ್ಲಿ ಅಜ್ಞಾನ ಇತ್ತು ಎಂದು ಬರೆದುಬಿಡಬಹುದು. ಆದರೆ ಅಜ್ಞಾನಕ್ಕೆ ಅಷ್ಟು ಸ್ಪಷ್ಟವಾದ ತರ್ಕ ಇರುತ್ತದೆಯೇ?

ಇಲ್ಲಿ ನನ್ನ ತಪ್ಪೊಂದಿದೆ. ವರದಿಗಾರ ನೋಡಬೇಕು, ಕೈ ಹಾಕಬಾರದು ಎಂದು ನನಗೆ ಕಲಿಸಿದ್ದರು. ನಾನು ಕೈ ಹಾಕಿದೆ. ಚೀಲಗಳನ್ನು ಬೇರೆ ಮಾಡಿ, ಶುಭಕ್ಕೆ ಕೆಂಪು ದಾರದ ಹೊಲಿಗೆ, ತಿಥಿಗೆ ಕಪ್ಪು ದಾರದ ಹೊಲಿಗೆ ಹಾಕಿಬಿಡಿ, ಗೊಂದಲವೇ ಇರುವುದಿಲ್ಲ ಎಂದೆ. “ನೀನು ಓದಿದೋನು ನಾಯನಾ” ಎಂದು ಅಂಗಡಮ್ಮ ಎರಡು ದಿನ ಕೂತು ಎಲ್ಲ ಚೀಲಕ್ಕೂ ದಾರ ಹಾಕಿದರು.

ಕಪ್ಪು ದಾರದ ಚೀಲವನ್ನು ಒಬ್ಬರೂ ಕೈಯಲ್ಲಿ ಹಿಡಿಯಲಿಲ್ಲ. ಹಿಡಿದು ಬೀದಿಯಲ್ಲಿ ನಡೆದರೆ ‘ಯಾರು ಹೋದ್ರು?’ ಎಂದು ಎದುರಿಗೆ ಬಂದವರೆಲ್ಲ ಕೇಳುತ್ತಿದ್ದರು. ತಿಥಿ ಸಾಮಾನಿಗೆ ಜನ ಬೇರೆ ಅಂಗಡಿಗೆ ಹೋದರು. ಆಮೇಲೆ ಕೆಂಪು ದಾರದ ಚೀಲವನ್ನೂ ಒಳಗೆ ತಿರುವಿ, ಮೂಲೆ ಮೂಲೆ ತಡವಿ ನೋಡಲು ಶುರು ಮಾಡಿದರು. ಅದುವರೆಗೆ ಇದ್ದದ್ದು ಒಂದು ಚೀಲದ ಅನುಮಾನ. ದಾರ ಹಾಕಿದ ಮೇಲೆ ಎಲ್ಲ ಚೀಲಕ್ಕೂ ಅನುಮಾನ ಬಂತು. ಹಾಗೆ ಮಾಡಿದ್ದು ನಾನು.

ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಒಬ್ಬ ಹೆಂಗಸು ಇನ್ನೊಬ್ಬಳಿಗೆ ಹೇಳುತ್ತಿದ್ದಳು. “ಚೀಲದ್ದೇನು ತಪ್ಪು ಬುಡೇ. ಮೊದ್ಲೇ ಬರಿ ಹಣೆ. ನಾವೇ ಇಷ್ಟ್ ದಿನ ಕಣ್ಮುಚ್ಕೊಂಡು ಅವರ ಕೈಲಿ ಕುಂಕುಮ ಈಸ್ಕೊತಿದ್ವಿ.”

ಕವರಿನ ವಿಷಯ ಚೀಲದ ವಿಷಯವಾಯಿತು, ಚೀಲದ ವಿಷಯ ಕೈಯ ವಿಷಯವಾಯಿತು. ಇಷ್ಟು ವರ್ಷ ಯಾರೂ ಕೇಳದಿದ್ದ ಪ್ರಶ್ನೆಯನ್ನು ಈಗ ಎಲ್ಲರೂ ಕೇಳತೊಡಗಿದರು. ಅಂಗಡಮ್ಮನ ಕಿವಿಗೂ ಅದು ಬಿದ್ದಿರಬೇಕು. ಅವರು ಯಾರ ಜೊತೆಗೂ ಜಗಳಕ್ಕೆ ಹೋಗಲಿಲ್ಲ. ಹಟ ಹಿಡಿದವರಂತೆ ಕವರ್ ಮಾತ್ರ ತರಿಸಲಿಲ್ಲ. ಗಿರಾಕಿಗಳು ಇಲ್ಲದ ಮಧ್ಯಾಹ್ನಗಳಲ್ಲಿ ಸುಮ್ಮನೆ ತಕ್ಕಡಿ ಒರೆಸುತ್ತ ಕೂತಿರುತ್ತಿದ್ದರು. ಹಾಲಿನಕ್ಕನ ಮಗಳು ಬಸ್ಸಿಳಿದು ಎದುರಿನ ಸಾಲಿನಲ್ಲಿ ನಡೆದು ಮನೆಗೆ ಹೋಗುತ್ತಿದ್ದಳು.

ಮುಂದಿನ ವರ್ಷ ಅವಳಿಗೆ ಇನ್ನೊಂದು ಸಂಬಂಧ ಬಂತು. ಶಾಸ್ತ್ರದ ಹಿಂದಿನ ದಿನ, ಬೆಳಿಗ್ಗೆ ಸುಮಾರು ಹತ್ತು ಗಂಟೆ. ಹಾಲಿನಕ್ಕ ಅಂಗಡಿ ಮುಂದೆ ಬಂದು ನಿಂತರು. ವರ್ಷದ ಮೇಲೆ ಬಂದಿದ್ದರು. ಏನು ಬೇಕೆಂದು ಹೇಳಲಿಲ್ಲ, ಅಂಗಡಮ್ಮ ಕೇಳಲೂ ಇಲ್ಲ. ಅರಿಶಿನ, ಕುಂಕುಮ, ಅಡಿಕೆ, ಕಲ್ಲುಸಕ್ಕರೆ ಒಂದೊಂದಾಗಿ ತೂಗಿ ಹೊಸ ಕಾಗದದಲ್ಲಿ ಪೊಟ್ಟಣ ಕಟ್ಟಿದರು. ಹಿಂದೆ ಗೂಟಕ್ಕೆ ಚೀಲಗಳು ನೇತಾಡುತ್ತಿದ್ದವು. ಅಂಗಡಮ್ಮ ಅವುಗಳ ಕಡೆ ಒಮ್ಮೆ ತಿರುಗಿದರು. ಆಮೇಲೆ ಹಲಗೆ ಎತ್ತಿ ಹೊರಗೆ ಬಂದು, ಬೀದಿ ದಾಟಿ, ನನ್ನ ಕೋಣೆಯ ಕೆಳಗಿದ್ದ ಬೇಕರಿಗೆ ಬಂದರು.

“ಒಂದ್ ಕವರ್ ಕೊಡಪ್ಪ. ಹೊಸಾದು. ಯಾರೂ ಮುಟ್ಟಿರಬಾರದು.”

“ಏನ್ ಅಂಗಡಮ್ಮ, ಕೊನೆಗೂ ಲೈನಿಗೆ ಬಂದ್ರಾ?” ಎಂದು ಬೇಕರಿಯವನು ರೇಗಿಸಿದ. ಅಂಗಡಮ್ಮ ಕವರನ್ನು ಎರಡು ಕೈಯಲ್ಲೂ ಹಿಡಿದುಕೊಂಡು ವಾಪಸ್ ದಾಟಿ ಹೋಗಿ, ಪೊಟ್ಟಣಗಳನ್ನು ಅದಕ್ಕೆ ತುಂಬಿ ಹಾಲಿನಕ್ಕನ ಕೈಗೆ ಕೊಟ್ಟರು. “ಒಳ್ಳೇದಾಗ್ಲಿ” ಎಂದರು. ಹಾಲಿನಕ್ಕ ತಲೆ ತಗ್ಗಿಸಿಕೊಂಡು ಹೋದರು.

ಅಂಗಡಮ್ಮ ಸೋತರೇ? ಆಗ ನಾನು ಹಾಗೆಂದುಕೊಂಡೆ. ಈಗ ಹಾಗೆ ಹೇಳಲು ಧೈರ್ಯ ಸಾಲುವುದಿಲ್ಲ. ಹಾಲಿನಕ್ಕ ಮತ್ತೆ ಯಾಕೆ ಬಂದರು? ಆ ಕೈ ಒಳ್ಳೆಯದು ಎಂಬ ನಂಬಿಕೆ ಉಳಿದಿತ್ತು ಎಂದೇ? ಹಾಗಿದ್ದರೆ ಒಂದು ವರ್ಷ ಬಾರದಿದ್ದದ್ದು ಯಾವ ನಂಬಿಕೆಯಿಂದ? ಒಬ್ಬರ ಒಳಗೇ ಎರಡೂ ಇರಬಹುದೇ... ಕೆಲವು ದಿನಗಳಲ್ಲಿ ಪತ್ರಿಕೆಯ ಕಚೇರಿಯಿಂದ ಫೋನ್ ಬಂತು, ಆ ಪ್ಲಾಸ್ಟಿಕ್ ಇಲ್ಲದ ಅಂಗಡಿ ಈಗ ಹೇಗಿದೆ, ನೋಡಿ ಬರೆಯಿರಿ ಎಂದರು. ಬರೆಯುವಂಥದ್ದು ಏನೂ ಇಲ್ಲ ಎಂದೆ. ಕೈಯಲ್ಲಿದ್ದ ಸುದ್ದಿಯನ್ನು ಇಲ್ಲವೆಂದು ಹೇಳಿದ್ದು ಅದೊಂದೇ ಸಲ.

ಹಾಲಿನಕ್ಕನ ಮಗಳ ಮದುವೆ ಮುಗಿದ ಮೇಲೆ ನನಗೆ ವರ್ಗವಾಯಿತು. ಅಂಗಡಮ್ಮ ಅಂಗಡಿ ಮುಚ್ಚಿ ಪಾವಗಡದ ಕಡೆ ತಂಗಿಯ ಮನೆಗೆ ಹೋದರೆಂದು ಕೇಳಿದೆ. ಅಲ್ಲೇ ತೀರಿಕೊಂಡರೆಂಬುದು ನನಗೆ ತಿಳಿದದ್ದು ವರ್ಷ ಕಳೆದ ಮೇಲೆ.

ಹೋದ ತಿಂಗಳು ಬಸ್ಸಿಳಿದು ಆ ಬೀದಿಗೆ ಹೋದೆ. ಅಂಗಡಿಯ ಜಾಗದಲ್ಲಿ ಮೊಬೈಲ್ ರಿಪೇರಿ ನಡೆಯುತ್ತಿತ್ತು. ತವರಿಗೆ ಬಂದಿದ್ದ ಹಾಲಿನಕ್ಕನ ಮಗಳು ಬಾಗಿಲಲ್ಲಿ ನಿಂತು ಮಗುವಿಗೆ ಊಟ ಮಾಡಿಸುತ್ತಿದ್ದಳು. ಗುರುತು ಹಿಡಿದು ಕಾಫಿ ಕೊಟ್ಟಳು. ಅಂಗಡಮ್ಮನ ಮಾತು ಬಂತು.

“ನನ್ ಮದ್ವೆಗೆ ಬಂದಿದ್ರಾ ಸಾರ್ ಅವ್ರು? ಕರ್ದಿದ್ವಾ ಇಲ್ವಾ ಅಂತ ಅಮ್ಮಂಗೂ ನೆನಪಾಗ್ತಿಲ್ಲ. ಕರ್ದಿರ್ತೀವಿ ಅಂತಾರೆ. ಫೋಟೊದಾಗೆ ಎಲ್ಲೂ ಇಲ್ಲ.” ತುತ್ತನ್ನು ಕೈಯಲ್ಲೇ ಹಿಡಿದುಕೊಂಡು ನನ್ನನ್ನು ನೋಡಿದಳು. “ನೀವು ಬಂದಿದ್ರಲ್ಲ ಸಾರ್. ನೀವೇ ಹೇಳ್ಬೇಕು.”

ಹೌದು, ಆ ಮದುವೆಗೆ ನಾನು ಹೋಗಿದ್ದೆ. ಚಪ್ಪರ ನೆನಪಿದೆ. ಪಂಕ್ತಿಯಲ್ಲಿ ನನ್ನ ಪಕ್ಕ ಕೂತವರು ಎರಡು ಸಲ ಪಾಯಸ ಹಾಕಿಸಿಕೊಂಡದ್ದು ನೆನಪಿದೆ. ಅಂಗಡಮ್ಮ ಅಲ್ಲಿದ್ದರೇ, ಹೆಂಗಸರ ಸಾಲಿನಲ್ಲಿ ಎಲ್ಲಾದರೂ ಕೊನೆಯಲ್ಲಿ ಕೂತಿದ್ದರೇ... ಕಣ್ಣು ಮುಚ್ಚಿ ಹುಡುಕಿದೆ. ಯಾರಿದ್ದಾರೆ ಎಂದು ಅವತ್ತು ನೋಡಿದ್ದೆ, ಯಾರಿಲ್ಲ ಎಂದು ನೋಡಿರಲಿಲ್ಲ.

“ಗೊತ್ತಿಲ್ಲಮ್ಮ” ಎಂದೆ.