ಬೆಂಕಿಗೆ ಮೊದಲು ತೊಳೆದ ಮುಖಗಳು

ಮರಕ್ಕಡವಿನ ದೋಣಿಗಂಡಿಯಲ್ಲಿ ನಾನು ಅಂಗಡಿ ಇಟ್ಟ ಕಾಲಕ್ಕೆ, ಪೌಡರ್ ಬಳಿಯುವ ಗಂಡಸೆಂದರೆ ಒಂದೋ ಮದುಮಗ, ಇಲ್ಲವೇ ನಾಟಕದವನು. ಇವೆರಡೂ ಅಲ್ಲದೆ ವಾರದ ನಡುವೆ ಮುಖ ಬೆಳ್ಳಗೆ ಮಾಡಿಕೊಂಡು ಕೊಡಲಿ ಹಿಡಿದು ಹೊರಟವನನ್ನು ಜನ ಸುಮ್ಮನೆ ಬಿಡುತ್ತಿರಲಿಲ್ಲ. ಅಂಥವನೊಬ್ಬ ನನ್ನ ಗಿರಾಕಿಯಾಗಿದ್ದ.

ಆಚೆ ದಡದ ಕೋಟೆ ಸೀಮೆಯಿಂದ ಹೊಳೆ ದಾಟಿ ಬಂದ ಹುಡುಗ, ಮದುವೆಯಾಗಿ ಒಂದು ಮಗುವಿತ್ತು. ತಿರುವಾಂಕೂರಿನಿಂದ ಬಂದವರ ಗುಂಪೊಂದು ಇಲ್ಲಿನ ಜೈನ ಗೌಡರೊಬ್ಬರಿಂದ ಕಾಡು ಗುತ್ತಿಗೆಗೆ ಹಿಡಿದು ಕಡಿಯುತ್ತಿತ್ತು. ಇವನೂ ಅದಕ್ಕೆ ಸೇರಿಕೊಂಡಿದ್ದ. ಗುಂಪಿನ ಕರಾರು ಬಿಗಿಯಾಗಿತ್ತು. ಎಲ್ಲರೂ ಸೇರಿ ಕಡಿಯಬೇಕು, ಒಣಗಿದ ಮೇಲೆ ಸುಡಬೇಕು, ಆಮೇಲೆ ನೆಲವನ್ನು ಪಾಲು ಮಾಡಬೇಕು. ಬೆಂಕಿ ಹಾಕುವ ಮೊದಲು ಯಾರಾದರೂ ಚಳಿಜ್ವರ ಬಂದು ಮಲಗಿದರೆ ಅವನನ್ನು ಆಚೆ ದಡಕ್ಕೆ ದಾಟಿಸುತ್ತಿದ್ದರು. ಅವನ ಪಾಲು ಅಲ್ಲಿಗೆ ಮುಗಿಯಿತು. ಕಂಬಳಿ ಹೊದ್ದು ಮುದುಡಿ ಕೂತವರನ್ನು ಹೊತ್ತ ದೋಣಿ ನನ್ನ ಅಂಗಡಿಯ ಮುಂದೆಯೇ ಹೋಗುತ್ತಿತ್ತು. ಕೆಲವರು ಕೈಬೀಸುತ್ತಿದ್ದರು. ಹೆಚ್ಚಿನವರು ತಲೆ ಎತ್ತುತ್ತಿರಲಿಲ್ಲ.

ಅಂಗಡಿ ಇಡುವವರಿಗೆ ನನ್ನದೊಂದು ಮಾತು: ಗಿರಾಕಿ ಏನು ಕೇಳುತ್ತಾನೆ ಎನ್ನುವುದಕ್ಕಿಂತ ಯಾವ ಹೊತ್ತಿಗೆ ಬರುತ್ತಾನೆ ಎನ್ನುವುದನ್ನು ನೋಡಿ. ಈ ಹುಡುಗ ಬರುತ್ತಿದ್ದದ್ದು ಉಳಿದವರು ಗಂಜಿಗೆ ಕೂತಾಗ. ಮೊದಲು ಪೌಡರ್, ಆಮೇಲೆ ಸ್ನೋ, ಆಮೇಲೆ ಕಾಡಿಗೆ. ಕಾಡಿಗೆ ಕೇಳಿದ ದಿನ ನಾನು ಅವನ ಕಣ್ಣನ್ನೇ ದಿಟ್ಟಿಸಿದೆ. ಬಿಳಿ ಇರಬೇಕಾದಲ್ಲಿ ಅರಿಸಿನದ ನೀರು.

"ಎಷ್ಟು ದಿನದಿಂದ?" ಎಂದೆ.

ಅವನು ಹಿಂದೆ ತಿರುಗಿ ನೋಡಿಕೊಂಡ. "ಅಕ್ಕ, ಯಾರ್ಗೂ ಹೇಳ್ಬೇಡ. ದಾಟಿಸ್ಬುಡ್ತಾರೆ. ಊರಾಗೆ ನಂಗೆ ಒಂದು ಗೇಣು ನೆಲ ಇಲ್ಲ."

ನಾನು ಹೇಳಲಿಲ್ಲ. ದೋಣಿಯವನ ಕೈಲಿ ಚಳಿಜ್ವರದ ಮಾತ್ರೆ ಕ್ವಿನೈನ್ ತರಿಸಿ ಬೆಲ್ಲದ ಪೊಟ್ಟಣದೊಳಗೆ ಇಟ್ಟು ಕೊಟ್ಟೆ. ಬಳಿಯುವುದನ್ನೂ ನಾನೇ ತಿದ್ದಿದೆ. ಪೌಡರ್ ಒಂದೇ ಬಳಿದರೆ ಹೆಣದ ಮುಖವಾಗುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ಚಿಟಿಕೆ ಕುಂಕುಮ ಕಲಸಿ ಮೊದಲು ಕೆನ್ನೆಗೆ ತಿಕ್ಕು, ಮೇಲೆ ಪೌಡರ್. ಎಲೆಯಡಿಕೆ ಬಾಯಲ್ಲಿ ಇರಲಿ, ತುಟಿ ಬಿಳುಪು ಕಾಣದು. ಕಾಡಿಗೆ ದಪ್ಪಗೆ ಹಚ್ಚು. ನೋಡಿದವನು ಕಾಡಿಗೆ ನೋಡಿ ನಗಲಿ, ಕಣ್ಣು ನೋಡದಿರಲಿ.

ಗುಂಪಿನವರು ನಕ್ಕರು. ಸೊಂಟ ತಿರುಗಿಸಿ ಅವನ ಹಿಂದೆ ನಡೆದರು, ಅವನ ಪಂಚೆಯ ಚುಂಗನ್ನು ತಲೆಗೆ ಹೊದಿಸಿದರು. ಗುಂಪಿನ ಯಜಮಾನ, ಎಲ್ಲರೂ ಅಣ್ಣ ಎಂಬಂತೆ ಚೇಟ ಎನ್ನುತ್ತಿದ್ದ ಮನುಷ್ಯ, ಅರೆಬರೆ ಕನ್ನಡದಲ್ಲಿ ನನ್ನ ಅಂಗಡಿಯ ಮುಂದೆಯೇ ಕೇಳಿದ: "ಎಂದಾ ಮೋನೇ, ಏನೋ ಮಗನೇ, ಇವತ್ತೂ ಪೆಣ್ಣು ನೋಡೋಕಾ? ಇಲ್ಲ ನಿನ್ನನ್ನೇ ನೋಡೋಕೆ ಬರ್ತಾರಾ?" ಹುಡುಗನೂ ಎಲ್ಲರ ಜೊತೆ ನಕ್ಕು ಎಲೆಯಡಿಕೆ ಉಗುಳಿ ಹೋದ. ಗಂಡಸಲ್ಲ ಎಂದುಕೊಂಡವರು ರೋಗಿ ಎಂದುಕೊಳ್ಳಲಿಲ್ಲ. ಆ ನಗೆ ಇರುವಷ್ಟು ದಿನ ಅವನ ಪಾಲು ಇತ್ತು.

ಅವನ ಹೆಂಡತಿಗೆ ಮಾತ್ರ ಇದು ಸೇರಲಿಲ್ಲ. ಗಂಡ ರಾತ್ರಿಯಿಡೀ ನಡುಗುವುದನ್ನು ತಾಳುತ್ತಿದ್ದಳು, ಬೆಳಿಗ್ಗೆ ಅವನು ಕನ್ನಡಿಯ ಚೂರು ಹಿಡಿದು ಕೂರುವುದನ್ನು ತಾಳಲಾರೆ ಎಂದು ನನ್ನ ಬಳಿ ಹೇಳಿದಳು. ಜ್ವರಕ್ಕಿಂತ ಅದು ಹೆಚ್ಚು ಭಯವಂತೆ.

ಕಾಡು ಒಣಗುತ್ತ ಬಂತು. ಕಡಿದ ಮರಗಳು ಹಗಲು ಹೊತ್ತು ಚಟಚಟ ಸದ್ದು ಮಾಡುತ್ತಿದ್ದವು. ಹಕ್ಕಿಗಳು ಆ ಕಡೆ ಇಳಿಯುವುದನ್ನು ಬಿಟ್ಟಿದ್ದವು. ಆಗ ಗೌಡರ ಕಡೆಯಿಂದ ಕಾಡಿನ ಜನರ ಹಿರಿಯ, ಮೂಪ, ಬಂದು ಬೆಂಕಿಯ ಕ್ರಮ ಹೇಳಿದ. ಅವನಿಲ್ಲದೆ ಅಲ್ಲಿ ಯಾರೂ ಕಾಡು ಸುಡುತ್ತಿರಲಿಲ್ಲ. ಸುಡುವವರೆಲ್ಲ ಹೊಳೆಯಲ್ಲಿ ಮುಳುಗಬೇಕು. ಮೈಮೇಲೆ ಎಣ್ಣೆ, ಗಂಧ, ಮಣ್ಣು ಏನೂ ಉಳಿಯಬಾರದು. ಒದ್ದೆ ಮುಖದಲ್ಲೇ ಕಾಡಿನ ಎದುರು ಸಾಲಾಗಿ ನಿಲ್ಲಬೇಕು. ತನ್ನನ್ನು ಸುಡುವವರು ಯಾರೆಂದು ಕಾಡು ನೋಡಿಕೊಳ್ಳಲಿ ಎಂದು.

ಸಂಜೆ ಹುಡುಗ ಅಂಗಡಿಗೆ ಬಂದ. ನೀರಿಗೆ ಹೋಗದ ಬಣ್ಣ ಇದೆಯೇ ಎಂದು ಅವನ ಮುಖವೇ ಕೇಳುತ್ತಿತ್ತು. ನನ್ನ ಬಳಿ ಇರಲಿಲ್ಲ. ಸಾಲಿನ ಕೊನೆಯಲ್ಲಿ ನಿಲ್ಲು ಎಂದಷ್ಟೇ ಅಂದೆ.

ಮರುದಿನ ನಾನೂ ದಡಕ್ಕೆ ಹೋದೆ. ಮುಳುಗುವ ಮೊದಲೇ ಇಬ್ಬರು ಹುಡುಗನನ್ನು ಹಿಡಿದು, ಗಂಡಸು ಮಾಡುತ್ತೇವೆಂದು ನಗುತ್ತ ಮರಳಿನಿಂದ ಅವನ ಕೆನ್ನೆ ಉಜ್ಜಿದರು. ಕುಂಕುಮದೆಣ್ಣೆ ನೀರಿನ ಮೇಲೆ ತೇಲಿತು. ಅವನು ಎದ್ದು ನಿಂತಾಗ ಉಜ್ಜಿದವರ ಕೈ ಹಾಗೇ ನಿಂತಿತು. ಮುಖ ಹಣ್ಣೆಲೆಯಾಗಿತ್ತು.

ಯಜಮಾನ ದೋಣಿಯವನ ಕಡೆಗೆ ಕೈ ಎತ್ತಿದ. ಅಷ್ಟರಲ್ಲಿ ಉಳಿದವರು ಒಬ್ಬೊಬ್ಬರೇ ನೀರಿನಿಂದ ಮೇಲೆ ಬಂದರು. ತಿಂಗಳುಗಟ್ಟಲೆ ಮಸಿ, ಕೆಮ್ಮಣ್ಣು, ಬೆವರು ಕಟ್ಟಿದ್ದ ಮುಖಗಳು. ಆ ಗುಡಿಸಲುಗಳಲ್ಲಿ ಕನ್ನಡಿ ಎಂದರೆ ಹುಡುಗನ ಬಳಿ ಇದ್ದ ಚೂರೊಂದೇ. ದಣಿವು, ಮೈಕೈ ನೋವು, ನೀರು ಒಗ್ಗಲಿಲ್ಲ ಎಂದುಕೊಂಡೇ ಎಲ್ಲರೂ ಕಡಿದಿದ್ದರು. ತೊಳೆದ ಮೇಲೆ ಎರಡನೆಯವನ ಮುಖ ಹಳದಿ. ಅವನ ಪಕ್ಕದವನದು ಹಳದಿ. ಹುಡುಗನನ್ನು ಉಜ್ಜಿದ ಇಬ್ಬರದೂ. ಒಬ್ಬನು ಇನ್ನೊಬ್ಬನ ಮುಖ ನೋಡಿ ಹಿಂದಕ್ಕೆ ಸರಿಯುತ್ತಿದ್ದ; ತನ್ನದು ಮಾತ್ರ ಯಾರಿಗೂ ಕಾಣುತ್ತಿರಲಿಲ್ಲ.

ಹುಡುಗ ಮೆಲ್ಲಗೆ ಹೇಳಿದ: "ಚೇಟ, ನನ್ನ ದಾಟಿಸಿ, ಬೇಡ ಅನ್ನಲ್ಲ. ನೀವೂ ಒಂದ್ಸಲ ನೀರಾಗೆ ಬಗ್ಗಿ ನೋಡ್ಕಳಿ."

ಯಜಮಾನ ಬಗ್ಗಲಿಲ್ಲ. ಎತ್ತಿದ ಕೈ ಇಳಿಸಿದ. ದೋಣಿಯವನು ಹುಟ್ಟು ಹಾಕದೆ ಕೂತಿದ್ದ.

ಮೂಪ ಸಾಲಿನ ಉದ್ದಕ್ಕೂ ನಡೆದು ಪ್ರತಿ ಮುಖವನ್ನೂ ನೋಡಿದ. ತಾನು ತಂದ ಕೊಳ್ಳಿಯನ್ನು ಯಾರ ಕೈಗೂ ಕೊಡದೆ ನೆಲಕ್ಕೆ ಒತ್ತಿ ಆರಿಸಿದ. "ಕಾಡು ಇವರನ್ನ ಆಗ್ಲೇ ನೋಡ್ಕೊಂಡಿದೆ. ಇದಕ್ಕೆ ನಾ ಬರೋದಿಲ್ಲ," ಎಂದು ಬಂದ ದಾರಿಯಲ್ಲಿ ಹೊರಟುಹೋದ. ಯಜಮಾನ ತನ್ನ ಬೆಂಕಿಪೊಟ್ಟಣ ತೆಗೆದ. ಉಳಿದವರು ಒಣಸೊಪ್ಪು ಒಟ್ಟಿದರು.

ಹೊಗೆ ವಾರದವರೆಗೂ ಹೊಳೆಯ ಮೇಲೆ ಮಲಗಿತ್ತು. ಆಮೇಲೆ ಯಾರನ್ನೂ ದಾಟಿಸುವ ಮಾತು ಬರಲಿಲ್ಲ, ದಾಟಿಸುವವರು ಯಾರು? ಹುಡುಗ ಮುಖ ತೊಳೆದುಕೊಂಡೇ ಓಡಾಡಿದ, ಎಲ್ಲರೂ ನೋಡುವಂತೆ ಕ್ವಿನೈನ್ ನುಂಗಿದ. ಉಳಿದವರಿಗೂ ನುಂಗಿರೆಂದು ನಾನು ಹೇಳಿ ಹೇಳಿ ಸೋತೆ. ತಮಗೇನೂ ಆಗಿಲ್ಲ ಎನ್ನುತ್ತಿದ್ದರು. ಹಾಗೆನ್ನುತ್ತಲೇ ಒಬ್ಬೊಬ್ಬರಾಗಿ ಗುಡಿಸಲಲ್ಲಿ ಮಲಗಿದರು, ಎದ್ದವರು ಕಮ್ಮಿ.

ಮೊದಲ ಮಳೆ ಬಿದ್ದ ಮೇಲೆ ನೆಲ ಅಳೆದರು. ಅವನ ಪಾಲು ಅವನಿಗೆ ಬಂತು, ಹೊಳೆಗೆ ಹತ್ತಿರದ ಒಳ್ಳೆಯ ಕಪ್ಪು ಮಣ್ಣು. ಹಗ್ಗದ ಒಂದು ತುದಿ ಅವನು ಹಿಡಿದ, ಇನ್ನೊಂದು ತುದಿ ಅವನ ಹೆಂಡತಿ ಹಿಡಿದಳು. ಎಡಕ್ಕಾಗಲಿ ಬಲಕ್ಕಾಗಲಿ ಗೂಟ ಹೊಡೆಯಲು ಆ ಪಾಲುಗಳವರು ಯಾರೂ ಬರಲಿಲ್ಲ.