ಶೀನಣ್ಣನ ಸಂಕ

ಕಳೆದ ಭಾನುವಾರ ಒಂದು ಸೇತುವೆಯ ಮಾಲೀಕರು ನನ್ನನ್ನು ಬೈದರು.

ಸುಳ್ಳಲ್ಲ. ಕಿರಿಮಂಜೇಶ್ವರದಿಂದ ಒಳಗೆ ಹೋಗುವ ದಾರಿ. ಹೊಳೆ ಚೆಂದ ಕಂಡಿತೆಂದು ಸೇತುವೆಯ ಮೇಲೆಯೇ ಕಾರು ನಿಲ್ಲಿಸಿ ಫೋಟೋ ತೆಗೆಯುತ್ತಿದ್ದೆ. ಹಿಡಿಸೂಡಿಯಿಂದ ಸೇತುವೆ ಗುಡಿಸುತ್ತಿದ್ದ ಹಿರಿಯರೊಬ್ಬರು ಲುಂಗಿ ಎತ್ತಿಕಟ್ಟಿ ಓಡಿ ಬಂದರು.

“ಹ್ವಾಯ್! ಗಾಡಿ ಮುಂದ್ ಮಾಡಿ ಕಾಂಬ. ನನ್ ಸಂಕದ್ ಮೇಲ್ ನಿಲ್ಸುಕಾಗ!”

ನಮ್ಮ ಕಡೆ ಸೇತುವೆಗೆ ಸಂಕ ಎನ್ನುತ್ತಾರೆ, ಗೊತ್ತಲ್ಲ? ಆದರೆ ‘ನನ್ನ ಸಂಕ’? ಮನೆ ಇರುವವರನ್ನು ಕಂಡಿದ್ದೇನೆ, ಬೋಟು ಇರುವವರನ್ನು ಕಂಡಿದ್ದೇನೆ. ಸೇತುವೆ ಇರುವವರನ್ನು ಕಂಡದ್ದು ಇದೇ ಮೊದಲು.

ಹೆಸರು ಶೀನಣ್ಣ. ಮುಂಬೈಯ ಕಂಪೆನಿಯೊಂದರ ಕ್ಯಾಂಟೀನಿನಲ್ಲಿ ದೋಸೆ ಹೊಯ್ದು ರಿಟೈರ್ ಆದವರು. ಅಲ್ಲಿಗೆ ಒಮ್ಮೆ ಏಜೆಂಟ್ ಒಬ್ಬ ಸರಕಾರಿ ಬಾಂಡ್ ಮಾರಲು ಬಂದನಂತೆ. ಈ ದುಡ್ಡಿನಿಂದ ಸರಕಾರ ಹಿಂದುಳಿದ ಊರುಗಳಿಗೆ ರಸ್ತೆ, ಸೇತುವೆ ಕಟ್ಟುತ್ತದೆ, ಅವಧಿ ಮುಗಿದ ಮೇಲೆ ಬಡ್ಡಿ ಸಮೇತ ವಾಪಸ್ ಎಂದನಂತೆ.

“ನಮ್ಮೂರಷ್ಟ್ ಹಿಂದುಳ್ದ್ ಊರ್ ಬೇರೆ ಎಲ್ಲಿತ್ ಹೇಳಿ?” ಎನ್ನುತ್ತಾರೆ ಶೀನಣ್ಣ. ಕೊಂಡೇಬಿಟ್ಟರು. ದೋಣಿ ಬಾರದ ದಿನ ಬುಟ್ಟಿಯ ಮೀನು ದಡದಲ್ಲೇ ಹಾಳಾಗುತ್ತಿದ್ದ ಊರು ಅದು. ಕೆಲವು ವರ್ಷಗಳಲ್ಲಿ ಅಲ್ಲಿಗೆ ಸೇತುವೆ ಬಂತು. ಇನ್ನೇನು ಸಾಕ್ಷಿ ಬೇಕು?

(ಬಾಂಡಿನ ದುಡ್ಡು ದೇಶಕ್ಕೆಲ್ಲ ಸೇರಿದ ಗಂಟು. ಇವರದ್ದು ರಾಜಸ್ಥಾನದ ಯಾವುದೋ ರಸ್ತೆಗೂ ಹೋಗಿರಬಹುದು. ಹೇಳುವ ಧೈರ್ಯ ನನಗಾಗಲಿಲ್ಲ. ನೀವೂ ಹೇಳಬೇಡಿ.)

ಬೈದವರೇ ಮನೆಗೆ ಕರೆದು ಕಾಫಿ ಕೊಡಿಸಿದರು. ಕಾಫಿ ತಂದ ಹೆಂಡತಿ ಗಿರಿಜಕ್ಕ ನನ್ನ ಮುಂದೆ ದೂರು ಇಟ್ಟರು.

“ಬಾಂಡಿನ್ ಅವಧಿ ಮುಗ್ದ್ ವರ್ಷ ಆಯ್ತ್ ಮಾರಾಯ್ರೆ. ಇವ್ರ್ ದುಡ್ಡ್ ತಕಂಬುಕೆ ಹೋಪುದೇ ಇಲ್ಲೆ. ಸಂಕದ್ ಬುಡದಲ್ಲ್ ಒಂದ್ ಗೋಳಿಬಜೆ ಅಂಗ್ಡಿ ಹಾಕ್ಕ್ ಅಂದೇಳಿ ನಂಗೆ ಆಸೆ.”

ಆಸೆಗೆ ಅರ್ಥವಿದೆ. ಸೇತುವೆಯಾದ ಮೇಲೆ ಅಲ್ಲಿ ಮೀನಿನ ಟೆಂಪೋಗಳು ನಿಲ್ಲುತ್ತವೆ, ಒಂದು ಲೋಟ ಚಹಾಕ್ಕೆ, ಎರಡು ಬಿಸಿ ಬಜ್ಜಿಗೆ ಗತಿಯಿಲ್ಲ. ಶಿರೂರಿನ ಯಾರೋ ಆಗಲೇ ಜಾಗ ನೋಡಿ ಹೋಗಿದ್ದಾರಂತೆ. ತಡಮಾಡಿದರೆ ಗಿರಿಜಕ್ಕನ ಬಾಣಲೆ ಅಟ್ಟದ ಮೇಲೆಯೇ.

“ಎಂತಕ್ಕೆ ಹೋಪುದಿಲ್ಲೆ ಶೀನಣ್ಣ?” ಕೇಳಿದೆ.

ಅಷ್ಟು ಹೊತ್ತು ಗದರುತ್ತಿದ್ದವರ ದನಿ ಸಣ್ಣದಾಯಿತು. “ದುಡ್ಡ್ ವಾಪಸ್ ತಕಂಡ್ರೆ ಸಂಕ ಬಿಟ್ಟ್ ಕೊಟ್ಟಂಗೆ ಅಲ್ದಾ?”

ನಗು ಬಂತು. ನಗಲಿಲ್ಲ. ಬಾಂಡ್ ಕೊಂಡವರೆಲ್ಲ ಕೇಳುವುದು ಬಡ್ಡಿ ಎಷ್ಟು, ಟ್ಯಾಕ್ಸ್ ಎಷ್ಟು ಉಳಿಯುತ್ತದೆ ಎಂದು. ನನ್ನ ದುಡ್ಡಿನಿಂದ ಏನು ಕಟ್ಟಿದಿರಿ ಎಂದು ಯಾರಾದರೂ ಕೇಳಿದ್ದುಂಟೆ? ತೆರಿಗೆ ಕಟ್ಟುವ ನಾವಾದರೂ ಏನು ಕಡಿಮೆ? ಸೇತುವೆ ಬಂದ ಕೂಡಲೇ ಕಾರಿನ ಗ್ಲಾಸ್ ಇಳಿಸಿ ಹೊಳೆಗೆ ಪ್ಲಾಸ್ಟಿಕ್ ಎಸೆಯುವವರು. ಶೀನಣ್ಣನ ಮೇಲೆ ನನಗೆ ಪ್ರೀತಿಯೇ ಉಕ್ಕಿತು.

“ಸಂಕದ್ ದುಡ್ಡ್ ಸಂಕದ್ ಬುಡಕ್ಕೇ ಹಾಕಿ ಶೀನಣ್ಣ. ಊರಿಗೆ ಇನ್ನೊಂದ್ ಒಳ್ಳೇದಾತ್ತ್” ಎಂದೆ.

ಅವರು ಕಾಫಿಯ ಕೊನೆಯ ಗುಟುಕು ಕುಡಿದು ಲೋಟ ಕೆಳಗಿಟ್ಟರು.

“ಆಯ್ತ್, ನಾಳೆಯೇ ಕುಂದಾಪ್ರದ್ ಬ್ಯಾಂಕಿಗೆ ಹೋತೆ. ಆದ್ರೆ ಒಂದ್ ಹೇಳಿ. ದುಡ್ಡ್ ತಕಂಡ್ ಮೇಲೆ ಸಂಕ ಯಾರ್ದ್?”

ಉತ್ತರ ಗಿರಿಜಕ್ಕನ ಬಳಿ ಇತ್ತು. ಬಾಗಿಲ ಮೂಲೆಯಲ್ಲಿದ್ದ ಹಿಡಿಸೂಡಿ ತಂದು ಗಂಡನ ಕೈಗೆ ಕೊಟ್ಟರು.

“ಗುಡ್ಸುವರದ್ದ್!”